ಕೋಮಲಳ ಕಂಪ್ಯೂಟರಿಗೆ ಬಂದ ಜ್ವರ

ಪ್ರೊಸೆಸರಿಗೆ ಹದಿನಾರೂವರೆ ಸಾವಿರ. ಅದನ್ನು ಕೂರಿಸುವ ಮದರ್‌ಬೋರ್ಡಿಗೆ ಹತ್ತು ಸಾವಿರದ ನಾನ್ನೂರು. ರ‍್ಯಾಮಿಗೆ ಆರು ಸಾವಿರದ ಒಂಬೈನೂರು. ಗ್ರಾಫಿಕ್ಸ್ ಕಾರ್ಡಿಗೆ ಇಪ್ಪತ್ತನಾಲ್ಕೂವರೆ ಸಾವಿರ; ಈ ಬೆಲೆ ಕೇಳಿದ ಮೇಲೆ ಕೋಮಲ ಕೈಲಿದ್ದ ಡಬ್ಬಿಯನ್ನು ನಿದ್ದೆಹೋದ ಮಗುವನ್ನು ಮಲಗಿಸುವಂತೆ ಮೆಲ್ಲಗೆ ಮೇಜಿನ ಮೇಲಿಟ್ಟಳು. ಎಸ್‌ಎಸ್‌ಡಿಗೆ ಐದು ಸಾವಿರದ ಆರುನೂರು. ಪವರ್ ಸಪ್ಲೈಗೆ ಐದು ಸಾವಿರದ ನೂರು. ಕ್ಯಾಬಿನೆಟ್ ಮೂರು ಸಾವಿರದ ಒಂಬೈನೂರು. ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಎರಡು ಸಾವಿರದ ಏಳುನೂರೈವತ್ತು. ಎಲ್ಲ ಸೇರಿ ಎಪ್ಪತ್ತೈದು ಸಾವಿರದ ಆರುನೂರೈವತ್ತು. ಜೋಡಿಸಿಕೊಡುವುದಕ್ಕೆ ಮೇಲೆ ಒಂದೂವರೆ ಸಾವಿರ.

ಈ ಪಟ್ಟಿ ಬರೆದುಕೊಟ್ಟವನು ನಂಜನಗೂಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವ ಮಹೇಂದ್ರ. ಓದಿದವಳು ತಿ. ನರಸೀಪುರದಲ್ಲಿ ಸ್ಟುಡಿಯೋ ನಡೆಸುವ ಕೋಮಲ. ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದವನು ಅವಳ ಗಂಡ ನಾಗೇಂದ್ರ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವತ್ತು ಗುರುವಾರ, ಅವನ ವಾರದ ರಜೆ.

ಕೋಮಲ ಹದಿಮೂರು ವರ್ಷದಿಂದ ಮದುವೆಗಳ ಫೋಟೋ, ವಿಡಿಯೋ ತೆಗೆಯುತ್ತಿದ್ದಳು. ತೆಗೆಯುವುದು ಅವಳು, ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಸಿನಿಮಾದಂತೆ ಮಾಡಿಕೊಡುವುದು ಮಾತ್ರ ಮೈಸೂರಿನ ಒಂದು ಲ್ಯಾಬು. ಹಳೆಯ ಕಂಪ್ಯೂಟರಿನಲ್ಲಿ ಆ ಕೆಲಸ ಏಳುತ್ತಿರಲಿಲ್ಲ. ಲ್ಯಾಬಿನವರು ಕೊನೆಗೆ ತಮ್ಮ ಹೆಸರನ್ನು ದೊಡ್ಡದಾಗಿ ಹಾಕಿ, ಅದರ ಕೆಳಗೆ 'ಕ್ಯಾಮೆರಾ ಸಹಾಯ: ಕೋಮಲ' ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಹದಿಮೂರು ವರ್ಷ ಸಹಾಯಕಿಯಾಗಿದ್ದು ಸಾಕೆನಿಸಿತ್ತು.

ಅಷ್ಟರಲ್ಲಿ ಕಳಲೆಯ ಮಹದೇವಣ್ಣನ ಮನೆಯಿಂದ ಕರೆ ಬಂತು. ಆತನ ಮಗಳು ಭಾನುಪ್ರಿಯಾಳ ಮದುವೆ ಭಾನುವಾರ. ಬೀಗರೂಟ ಬುಧವಾರ ಮಧ್ಯಾಹ್ನ. ಆ ಬೀಗರೂಟದ ಪೆಂಡಾಲಿನಲ್ಲೇ, ಮಟನ್ ಎಲೆಗೆ ಬೀಳುವ ಮೊದಲೇ, ದೊಡ್ಡ ಪರದೆಯ ಮೇಲೆ ಮದುವೆಯ ಸಿನಿಮಾ ಓಡಬೇಕು ಎಂಬುದು ಮಹದೇವಣ್ಣನ ಆಸೆ.

"ನೋಡವ್ವಾ, ನಮ್ಮ ಕಡೆ ಇನ್ನೂ ಮೂರು ಮದ್ವೆ ಅವೆ," ಎಂದಿದ್ದ. "ನನ್ ಮಗಂದು, ನನ್ ತಮ್ಮನ ಮಗಳ್ದು, ನನ್ ಬಾಮೈದ ಶಿವು ಮಗಳ್ದು. ಬುಧವಾರ ನೀ ಗೆದ್ರೆ ಮೂರೂ ನಿಂದೆ. ಮೈಸೂರೋರು ಒಂದ್ ತಿಂಗಳು ಬೇಕು ಅಂತಾರೆ. ಒಂದ್ ತಿಂಗಳಾದ್ಮೇಲೆ ಯಾರ್ ನೋಡ್ತಾರೆ? ಅಷ್ಟೊತ್ತಿಗೆ ಬೀಗರು ಬೀಗರು ಜಗಳ ಆಡ್ಕಂಡಿರ್ತಾರೆ."

ಮೂರು ದಿನದಲ್ಲಿ ಕೆಲಸ ಮುಗಿಸುವ ಕಂಪ್ಯೂಟರ್ ಬೇಕಾಗಿತ್ತು. ಅದಕ್ಕೇ ತಿಂಗಳು ತಿಂಗಳು ಕಟ್ಟುತ್ತಿದ್ದ ಚೀಟಿಯ ಹಣ ಎತ್ತಿಕೊಂಡು ನಂಜನಗೂಡಿಗೆ ಬಂದಿದ್ದಳು.

ಮಹೇಂದ್ರ ಮೊದಲು ತೋರಿಸಿದ್ದು ಗಾಜಿನ ಕ್ಯಾಬಿನೆಟ್ಟು. ಸ್ವಿಚ್ ಒತ್ತಿದೊಡನೆ ಕೆಂಪು, ಹಸಿರು, ನೀಲಿ ಬೆಳಕು ಒಂದರ ಹಿಂದೊಂದು ಓಡಾಡಿದವು.

"ಇದ್ ಯಾವ ಆರ್ಕೆಸ್ಟ್ರಾಗಪ್ಪಾ?" ಎಂದಳು ಕೋಮಲ.

"ಈಗ ಎಲ್ಲಾರೂ ಇದನ್ನೇ ತಗೋತಾರೆ ಅಕ್ಕ. ಒಳ್ಳೆ ಲುಕ್ಕು."

"ನಮ್ ಸ್ಟುಡಿಯೋದಲ್ಲಿ ಲುಕ್ ಕೊಡೋದು ಗಿರಾಕಿಗಳು. ಇದು ಮೂಲೇಲಿ ಕೂತು ಗೇಯಬೇಕು."

ನಾಗೇಂದ್ರ ಬಗ್ಗಿ ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಅಂಗೈ ಹಿಡಿದು ನೋಡಿದ. "ಇದ್ಕೆ ಮೂಗೇ ಇಲ್ವಲ್ಲೋ! ಮುಂದುಗಡೆ ಪೂರ್ತಿ ಗಾಜು. ಉಸ್ರು ಎಲ್ಲಿಂದ ಎಳ್ಕತದೆ?"

ಹೀಗೆ ಮುಂದೆ ಬಲೆಯಿರುವ, ಬೆಳಕಿಲ್ಲದ, ನೋಡಲು ಅಕ್ಕಿ ಡಬ್ಬದಂತಿರುವ ಕಪ್ಪು ಕ್ಯಾಬಿನೆಟ್ಟು ಗೊತ್ತಾಯಿತು. ಮುಂದೆ ಎರಡು ಫ್ಯಾನು ಗಾಳಿ ಒಳಕ್ಕೆಳೆಯಬೇಕು, ಹಿಂದಿನದೊಂದು ಹೊರಕ್ಕೆ ತಳ್ಳಬೇಕು. ನಾಗೇಂದ್ರ ಅದನ್ನು ಕೇಳಿ ತಲೆದೂಗಿದ.

ಆಮೇಲೆ ಕೂಲರ್ ಸರದಿ. ಮಹೇಂದ್ರ ನೀರು ತಿರುಗಿಸಿ ತಣ್ಣಗೆ ಮಾಡುವ ಒಂದು ಕೂಲರ್ ತೆಗೆದ. ಏಳೂವರೆ ಸಾವಿರ.

ನಾಗೇಂದ್ರ ಅದರ ಪೈಪನ್ನು ಬೆರಳಿನಲ್ಲಿ ಒತ್ತಿ ನೋಡಿ ವಾಪಸು ಕೊಟ್ಟ. "ನೀರು ಬ್ಯಾಡ ಕಣಪ್ಪಾ. ಇಪ್ಪತ್ತೊಂದು ವರ್ಷದಿಂದ ರೇಡಿಯೇಟರ್ ಸೋರೋದ ನೋಡ್ಕಂಡೇ ಸಂಬಳ ತಗತಾ ಇವ್ನಿ. ನೀರು ಇರೋ ಕಡೆ ಒಂದಲ್ಲ ಒಂದಿನ ಸೋರ್ತದೆ. ಬಸ್ಸಲ್ಲಿ ಸೋರುದ್ರೆ ರೋಡು ನೆನೀತದೆ. ಇದ್ರಲ್ಲಿ ಸೋರುದ್ರೆ ಇವಳ ಚೀಟಿ ನೆನೀತದೆ."

"ಪ್ರೊಸೆಸರ್ ಜೊತೆ ಫ್ರೀ ಆಗಿ ಒಂದು ಫ್ಯಾನ್ ಬರುತ್ತಂತಲ್ಲ, ಅದೇ ಹಾಕಿದರಾಯಿತು," ಎಂದಳು ಕೋಮಲ.

"ಅಕ್ಕ, ಆ ಫ್ಯಾನು ಬಿಲ್ ಹೊಡೆಯೋರಿಗೆ ಸಾಕು. ನೀವು ವಿಡಿಯೋ ಎಡಿಟ್ ಮಾಡೋರು. ಗಂಟೆಗಟ್ಟಲೆ ಎಳೀತೀರ. ಮೇ ತಿಂಗಳ ಸೆಕೆ ಬೇರೆ."

ಅವನು ತೆಗೆದುಕೊಟ್ಟ ಕೂಲರ್ ಒಂದು ಇಟ್ಟಿಗೆಯಷ್ಟಿತ್ತು. ತಾಮ್ರದ ನಾಲ್ಕು ಕೊಳವೆ, ಅವಕ್ಕೆ ಹೆಣೆದ ಅಲ್ಯೂಮಿನಿಯಂ ರೆಕ್ಕೆಗಳು, ಪಕ್ಕಕ್ಕೊಂದು ಫ್ಯಾನು. ನಾಗೇಂದ್ರ ಅದನ್ನು ಕೈಯಲ್ಲಿ ತೂಗಿದ, ರೆಕ್ಕೆಗಳ ನಡುವೆ ಊದಿದ. "ಇದು ಮಾಲು," ಎಂದ. ಅಂಗಡಿಗೆ ಬಂದಾಗಿನಿಂದ ಅವನು ಬಾಯಿಬಿಟ್ಟು ಹೊಗಳಿದ ಮೊದಲ ಸಾಮಾನು ಅದು. ಅದು ಕ್ಯಾಬಿನೆಟ್ಟಿನಲ್ಲಿ ಹಿಡಿಸುತ್ತದೆಯೇ ಎಂದು ಕೋಮಲ ಸೆರಗಿನ ಅಂಚಿನಿಂದ ಎತ್ತರ ಅಳೆದಳು. ಒಂದು ಬೆರಳು ಜಾಗ ಉಳಿಯಿತು.

ಜೋಡಣೆಯ ಒಂದೂವರೆ ಸಾವಿರದ ಮಾತು ಬಂದಾಗ ನಾಗೇಂದ್ರ ನಕ್ಕುಬಿಟ್ಟ. "ಬಸ್ ಇಂಜಿನ್ ಬಿಚ್ಚಿ ಹಾಕೋನಿಗೆ ಎಂಟು ಡಬ್ಬ ಜೋಡ್ಸಕಾಗಲ್ವ?" ಕೋಮಲಳಿಗೂ ಅದೇ ಬೇಕಾಗಿತ್ತು. ಚೌಕಾಸಿ ಮಾಡಿ ಎಪ್ಪತ್ತೈದು ಸಾವಿರಕ್ಕೆ ಇಳಿಸಿ ದುಡ್ಡು ಎಣಿಸಿದಳು.

ಡಬ್ಬಗಳನ್ನು ಚೀಲಕ್ಕೆ ತುಂಬುತ್ತ ಮಹೇಂದ್ರ ಹೇಳಿದ: "ಅಕ್ಕ, ಒಂದ್ ಮಾತು. ಯಾವ ಸ್ಟಿಕ್ಕರ್ರೂ ಕೀಳಬೇಡಿ. ಸ್ಟಿಕ್ಕರ್ ಕಿತ್ತರೆ ಕಂಪೆನಿಯೋರು ವಾರಂಟಿ ಕೊಡಲ್ಲ. ಆಮೇಲೆ ನನ್ ಅಂಗಡಿ ಮುಂದೆ ಬಂದು ನಿಂತ್ಕೊಂಡು ಬಯ್ದ್ರೆ ನಾನೇನೂ ಮಾಡಕ್ಕಾಗಲ್ಲ."

ಕೋಮಲ ಗಂಡನ ಕಡೆ ತಿರುಗಿ ನೋಡಿದಳು. ನಾಗೇಂದ್ರ ಚಾವಣಿ ನೋಡಿದ. ಎರಡು ವರ್ಷದ ಹಿಂದೆ ಹೊಸ ಮಿಕ್ಸಿ ಗೊರಗೊರ ಅಂದಾಗ ಅದನ್ನು ಮಗುಚಿ, ಸ್ಟಿಕ್ಕರ್ ಕಿತ್ತು, ಸ್ಕ್ರೂ ಬಿಚ್ಚಿದ್ದವನು ಅವನು. ಆಮೇಲೆ ಕಂಪೆನಿಯವನು ಬಂದು, ಕಿತ್ತ ಜಾಗವನ್ನು ಬೆರಳಿಟ್ಟು ತೋರಿಸಿ, ಚಹಾ ಕುಡಿದು ಹೋಗಿದ್ದ. ಅಂದಿನಿಂದ ಆ ಮನೆಯಲ್ಲಿ ಸ್ಟಿಕ್ಕರ್ ಎಂದರೆ ದೇವರ ಪಟಕ್ಕೆ ಸಮ. ಫ್ರಿಜ್ಜಿನ ಮೇಲೆ ಐದು ನಕ್ಷತ್ರದ ಚೀಟಿ ಹಾಗೇ ಇತ್ತು. ಟಿವಿಯ ರಿಮೋಟು ಪ್ಲಾಸ್ಟಿಕ್ ಕವರಿನೊಳಗಿಂದಲೇ ಕೆಲಸ ಮಾಡುತ್ತಿತ್ತು.

ಸರ್ಕಾರಿ ಬಸ್ಸಿನಲ್ಲಿ ಕೋಮಲಳಿಗೆ ಹೆಂಗಸರ ಉಚಿತ ಟಿಕೆಟ್ಟು, ನಾಗೇಂದ್ರನಿಗೆ ನೌಕರರ ಪಾಸು. ಕ್ಯಾಬಿನೆಟ್ಟಿನ ಡಬ್ಬ ಮಾತ್ರ ಒಂದು ಸೀಟು ಹಿಡಿದು ಕೂತಿತ್ತು. ಕಂಡಕ್ಟರ್ ಅದರ ಮುಂದೆ ನಿಂತ.

"ಇದ್ಯಾರು? ಎಂಗ್ಸಾ, ಗಂಡ್ಸಾ?"

"ಕಂಪ್ಯೂಟ್ರು ಕಣಣ್ಣ," ಎಂದಳು ಕೋಮಲ.

"ಆಧಾರ್ ಕಾರ್ಡ್ ಐತಾ? ಇಲ್ದಿದ್ರೆ ಲಗೇಜು." ಟಿಕೆಟ್ಟು ಹರಿದು ಡಬ್ಬದ ಮೇಲಿಟ್ಟು ಹೇಳಿದ: "ನಾಗೇಂದ್ರಣ್ಣ, ಈ ಮೂರು ಸೀಟಲ್ಲಿ ದುಡ್ಡು ಕೊಟ್ಟು ಕೂತಿರೋ ಮರ್ಯಾದಸ್ತ ಇದೊಂದೇ ನೋಡು."

ಮಾರನೆಯ ದಿನ ನಾಗೇಂದ್ರ ಅರ್ಧ ದಿನ ರಜೆ ಹಾಕಿ ಜೋಡಿಸಲು ಕೂತ. ಮೊಬೈಲಿನಲ್ಲಿ ಯಾರೋ ಹಿಂದಿಯಲ್ಲಿ ವಿವರಿಸುವ ವಿಡಿಯೋ ಓಡುತ್ತಿತ್ತು. ಅವನಿಗೆ ಹಿಂದಿ ಬರುತ್ತಿರಲಿಲ್ಲ, ಕೈ ಓಡಾಡುವುದನ್ನು ನೋಡಿಕೊಂಡು ತನ್ನ ಕೈ ಓಡಿಸುತ್ತಿದ್ದ. ಅವನ ತಾಯಿ ಮಂಚಮ್ಮ ಬಾಗಿಲ ಬಳಿ ಕಾಲು ಚಾಚಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಕೋಮಲ ಗಂಡನ ಭುಜದ ಹಿಂದೆ ನಿಂತಿದ್ದಳು, ಕಾವಲಿಗೆ.

ಎಲ್ಲ ಸರಾಗವಾಗಿ ನಡೆಯಿತು. ಪ್ರೊಸೆಸರ್ ತನ್ನ ಗೂಡಿನಲ್ಲಿ ಕೂತಿತು. ಅದರ ನೆತ್ತಿಗೆ ಬೂದಿ ಬಣ್ಣದ ಲೇಪವನ್ನು ನಾಗೇಂದ್ರ ಬಟಾಣಿ ಕಾಳಿನಷ್ಟು ಇಟ್ಟ. ಪ್ರೊಸೆಸರಿನ ಬಿಸಿ ಈ ಲೇಪದ ಮೂಲಕ ಕೂಲರಿನ ತಾಮ್ರಕ್ಕೆ ಹತ್ತಬೇಕು, ಅಲ್ಲಿಂದ ರೆಕ್ಕೆಗೆ, ರೆಕ್ಕೆಯಿಂದ ಗಾಳಿಗೆ. ಇಷ್ಟು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೂಲರನ್ನು ಮಗುಚಿ ನೋಡಿದಾಗ ಮಾತ್ರ ಕೈ ನಿಂತಿತು. ಹೊಳೆಯುವ ತಾಮ್ರದ ತಳಕ್ಕೆ ತೆಳ್ಳನೆಯ ಪಾರದರ್ಶಕ ಹಾಳೆಯೊಂದು ಅಂಟಿತ್ತು. ಅದರ ಮೂಲೆಯಲ್ಲಿ ಚೀನೀ ಅಕ್ಷರಗಳು.

"ಇದೇನೋ ಹಾಳೆ ಅದೆ ಕಣೆ. ತೆಗಿಯಾನಾ?"

"ಕೈ ಹಚ್ಚಬೇಡಿ!"

"ಇಲ್ಲ ಕಣೆ, ಇದು ಸ್ಟಿಕ್ಕರ್ ತರ ಇಲ್ಲ. ಬಿಸಿ ಓಗೋ ದಾರೀಲಿ ಪ್ಲಾಸ್ಟಿಕ್ಕು ಯಾಕೆ?"

"ಮಿಕ್ಸೀದೂ ಹೀಗೇ ಅಂದ್ರಿ. ಅಷ್ಟು ದೊಡ್ಡ ಕಂಪೆನಿಯೋರು ಸುಮ್ಮಸುಮ್ನೆ ಅಂಟಿಸ್ತಾರಾ? ಏನೋ ಬರ್ದವ್ರೆ ನೋಡಿ, ವಾರಂಟಿ ಅಂತಲೇ ಇರಬೇಕು."

"ಇದು ಚೀನಾ ಬಾಸೆ. ನೀ ಯಾವಾಗ್ ಕಲ್ತೆ?"

"ಅತ್ತೆ, ನಿಮ್ ಮಗನಿಗೆ ಹೇಳಿ."

ಮಂಚಮ್ಮ ತಲೆಯೆತ್ತದೆ ಹೇಳಿದಳು: "ಬುಡ್ಲಾ. ಒಸಾದು ಒಸಾದಾಗೇ ಇರ್ಲಿ."

ಇಬ್ಬರ ಮುಂದೆ ಒಬ್ಬ ಏನು ಮಾಡಿಯಾನು. ನಾಗೇಂದ್ರ ಹಾಳೆಯ ಸಮೇತ ಕೂಲರನ್ನು ಕೂರಿಸಿ, ನಾಲ್ಕು ಸ್ಕ್ರೂ ಬಿಗಿದ.

ಕಂಪ್ಯೂಟರ್ ಹೊತ್ತಿಕೊಂಡಿತು. ಕೋಮಲ ಎರಡು ಪಾಸ್‌ಪೋರ್ಟ್ ಫೋಟೋ ಪ್ರಿಂಟ್ ತೆಗೆದಳು, ಒಂದು ನಾಮಕರಣದ ಬ್ಯಾನರ್ ಮಾಡಿದಳು. ಚಿಟಿಕೆ ಹೊಡೆದಷ್ಟು ಬೇಗ ಆಯಿತು. ಮಂಚಮ್ಮ ದೃಷ್ಟಿ ತೆಗೆದಳು. ಅದಕ್ಕೆ ಭಾರದ ಕೆಲಸ ಕೊಟ್ಟು ನೋಡುವ ಯೋಚನೆ ಯಾರಿಗೂ ಬರಲಿಲ್ಲ.

ಶನಿವಾರ, ಭಾನುವಾರ ಕಳಲೆಯ ಮದುವೆ ಮುಗಿಯಿತು. ಎರಡು ಕ್ಯಾಮೆರಾ, ಒಂಬತ್ತು ಗಂಟೆಯ ವಿಡಿಯೋ. ಸೋಮವಾರ ಬೆಳಿಗ್ಗೆ ಕೋಮಲ ಕುಂಕುಮ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಹನ್ನೆರಡು ನಿಮಿಷದ ಸಿನಿಮಾ. ಅಂಥದನ್ನು ಈ ಯಂತ್ರ ಒಂದೂವರೆ ದಿನದಲ್ಲಿ ಮುಗಿಸಬೇಕು. ಧಾರೆಯ ಭಾಗಕ್ಕೆ ಬಣ್ಣ ತಿದ್ದುತ್ತಿದ್ದಂತೆ ಫ್ಯಾನುಗಳು ಮೆಲ್ಲಗೆ ಸದ್ದೆತ್ತಿದವು, ಆಮೇಲೆ ಹಿಟ್ಟಿನ ಗಿರಣಿಯಂತೆ ಕೂಗಿದವು. ಚಿತ್ರ ತೆವಳಿತು. ಹನ್ನೊಂದನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು.

ಮತ್ತೆ ಹಚ್ಚಿದಳು. ಈ ಸಲ ಒಂಬತ್ತು ನಿಮಿಷ. ಮೂರನೆಯ ಸಲ ಏಳು.

ಡಿಪೋದಿಂದ ನಾಗೇಂದ್ರನನ್ನು ಕರೆಸಿದಳು. ಶಾಖ ತೋರಿಸುವ ಅಂಕಿಯನ್ನು ಪರದೆಯ ಮೂಲೆಯಲ್ಲಿ ಇಟ್ಟುಕೊಂಡು ಮೂವರೂ ಸುತ್ತ ನಿಂತರು. ಎಪ್ಪತ್ತು. ಎಂಬತ್ತಾರು. ತೊಂಬತ್ತೆಂಟು. ನೂರು.

"ನೂರು ಅಂದ್ರೆ ಜ್ವರ ಕಣೆ," ಎಂದಳು ಮಂಚಮ್ಮ.

"ಅತ್ತೆ, ಇದು ಬೇರೆ ಲೆಕ್ಕ. ನೂರು ಅಂದ್ರೆ ನೀರು ಕುದಿಯೋ ಬಿಸಿ."

"ಅಂಗಾದ್ರೆ ಮೈ ಸುಟ್ಟೋಯ್ತಲ್ಲೇ ಮಗೀಗೆ!"

ನಾಗೇಂದ್ರ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಕಳಚಿದ. ಹನ್ನೆರಡು ನಿಮಿಷ ಓಡಿತು. ಟೇಬಲ್ ಫ್ಯಾನ್ ತಂದು ನೇರ ಅದರ ಹೊಟ್ಟೆಗೆ ಹಿಡಿದ. ಹದಿನಾಲ್ಕು. ಮಂಚಮ್ಮ ಸುಮ್ಮನಿರಲಿಲ್ಲ. ತವರಿನಲ್ಲಿ ರೇಷ್ಮೆ ಹುಳು ಸಾಕಿ ಬೆಳೆದವಳು. ಏಪ್ರಿಲ್ ತಿಂಗಳಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಕೋಣೆ ತಣ್ಣಗಿಡುವುದು ಅವಳ ಎಡಗೈ ಕೆಲಸ. ಅವರು ಮಾತಾಡುತ್ತಿದ್ದಂತೆಯೇ ಎರಡು ಗೋಣಿಚೀಲ ನೆನೆಸಿ ತಂದು ಕಿಟಕಿಗೆ ನೇತುಹಾಕಿದಳು. ಮೂರನೆಯದನ್ನು ಕಂಪ್ಯೂಟರಿನ ನೆತ್ತಿಯ ಮೇಲೇ ಹಾಸಲು ಹೊರಟಿದ್ದಳು, ಕೋಮಲ ಹಾರಿ ಹಿಡಿದಳು.

"ಅಯ್ಯೋ, ಕರೆಂಟು ಅತ್ತೆ!"

"ನಮ್ಮ ಉಳ ಬದುಕಿದ್ದು ಇಂಗೇ ಕಣೆ. ಇದೇನ್ ಉಳಕ್ಕಿಂತ ನಾಜೂಕಾ?"

ಗೋಣಿಯಿಂದ ಕೋಣೆ ತಂಪಾದದ್ದು ನಿಜ. ಮೂವರಿಗೂ ಹಾಯೆನಿಸಿತು. ಕಂಪ್ಯೂಟರಿನ ನೂರು ಮಾತ್ರ ನೂರಾಗೇ ಉಳಿಯಿತು.

ಮಧ್ಯಾಹ್ನ ನಾಗೇಂದ್ರ ಕೂಲರನ್ನೇ ಬಿಚ್ಚಿದ. ಲೇಪ ಕಡಿಮೆಯಾಯಿತೇನೋ ಎಂದು ಅವನ ಅನುಮಾನ. ಮಗುಚಿದಾಗ ಅದೇ ಹಾಳೆ, ಈಗ ಅಂಚು ಸ್ವಲ್ಪ ಮುದುರಿತ್ತು.

"ಕೋಮ್ಲಾ, ನನ್ ಮಾತು ಕೇಳು. ಈ ಹಾಳೆ ಮೇಲೇ ನಂಗೆ ಅನುಮಾನ."

ಅವಳು ಸೋತು ಸುಣ್ಣವಾಗಿದ್ದಳು. ಆದರೂ ಹಟ ಬಿಡಲಿಲ್ಲ. ಇನ್ನೂ ಗಟ್ಟಿಯಾದಳು, ಏಕೆಂದರೆ ಈಗ ಅವಳಿಗೆ ತಪ್ಪು ಯಾರದೆಂದು ಗೊತ್ತಾಗಿತ್ತು: ಮಹೇಂದ್ರ ಯಾವುದೋ ಹಳೆಯ ಪ್ರೊಸೆಸರನ್ನು ಹೊಸ ಡಬ್ಬಿಗೆ ಹಾಕಿ ಕೊಟ್ಟಿದ್ದಾನೆ. "ಕಿತ್ತು ತಗೊಂಡೋದ್ರೆ ಅವನು ಮೊದಲು ಅದನ್ನೇ ತೋರಿಸ್ತಾನೆ. 'ಸ್ಟಿಕ್ಕರ್ ಕಿತ್ತಿದ್ದೀರ' ಅಂತಾನೆ. ಹೆಂಗಿದ್ಯೋ ಹಂಗೇ ಇರಲಿ. ಸಾಕ್ಷಿ ಬೇಕು."

ನಾಗೇಂದ್ರ ಹಾಳೆಯ ಮೇಲೂ ಪ್ರೊಸೆಸರಿನ ಮೇಲೂ ಧಾರಾಳವಾಗಿ ಲೇಪ ಬಳಿದು ಮತ್ತೆ ಬಿಗಿದ. ಏನೂ ಬದಲಾಗಲಿಲ್ಲ.

ಫೋನು ಮಾಡಿದರೆ ಮಹೇಂದ್ರ ಮಾಲು ತರಲು ಬೆಂಗಳೂರಿಗೆ ಹೋಗಿದ್ದ. ನಾಳೆ ತನ್ನಿ ಅಕ್ಕ, ಎಂದ. ಅಂದರೆ ಸೋಮವಾರ ಪೂರ್ತಿ ಹೋಯಿತು. ಬೀಗರೂಟಕ್ಕೆ ಉಳಿದದ್ದು ಒಂದು ದಿನ, ಒಂದು ಬೆಳಿಗ್ಗೆ.

ಮಂಗಳವಾರ ಮೊದಲ ಬಸ್ಸಿಗೇ ಕೋಮಲ ಕ್ಯಾಬಿನೆಟ್ಟನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹೊರಟಳು. ನಾಗೇಂದ್ರನಿಗೆ ಡ್ಯೂಟಿ. ಬಸ್ಸು ಇಳಿಯುವ ಹೊತ್ತಿಗೆ ಅವಳು ಬೈಗುಳವನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದಳು.

ಮಹೇಂದ್ರನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಬ್ಬ ಪಹಣಿ ಪ್ರಿಂಟ್ ತೆಗೆಸಲು ಬಂದಿದ್ದ ಮಾರಯ್ಯ ಎಂಬ ಮುದುಕ, ಇನ್ನೊಬ್ಬಳು ಮೌಸ್ ಕೊಳ್ಳಲು ಬಂದಿದ್ದ ಕಾಲೇಜು ಹುಡುಗಿ. ಸಾಕ್ಷಿಗೆ ಜನ ಇರುವುದು ಕೋಮಲಳಿಗೆ ಒಳ್ಳೆಯದೇ ಆಯಿತು.

"ಏನಪ್ಪಾ ಮಹೇಂದ್ರ, ಯಾರ ಮನೆ ಹಳೇ ಪ್ರೊಸೆಸರ್ ಕೊಟ್ಟೆ ನಂಗೆ? ಎಪ್ಪತ್ತೈದು ಸಾವಿರ ತಗೊಂಡು ಇಡ್ಲಿ ಪಾತ್ರೆ ಕೊಟ್ಟಿದ್ದೀಯಲ್ಲ! ನೀರಿಟ್ರೆ ಕುದೀತದೆ!"

"ಅಕ್ಕ, ಕೂತ್ಕೊಳಿ. ನೋಡಣ."

"ಕೂತ್ಕಳಕ್ಕೆ ಬಂದಿಲ್ಲ ನಾನು. ನಾಳೆ ಮಧ್ಯಾಹ್ನ ಬೀಗರೂಟ. ನನ್ ಮೂರು ಮದ್ವೆ ಹೋದ್ರೆ ನೀನ್ ಕೊಡ್ತೀಯಾ?"

"ಯಾವ ಊರ್ದವ್ವಾ ಬೀಗರೂಟ?" ಎಂದ ಮಾರಯ್ಯ.

"ಕಳಲೆ."

"ಓ, ಮಹದೇವುಂದಾ! ನಂಗೂ ಏಳವ್ನೆ."

ಮಹೇಂದ್ರ ನಾಲ್ಕು ಸ್ಕ್ರೂ ಬಿಚ್ಚಿದ. ಕೂಲರನ್ನು ಎತ್ತಿ ಮಗುಚಿದ. ಬಹಳ ಹೊತ್ತು ನೋಡಿದ. ಬೂದಿ ಬಣ್ಣದ ಲೇಪ ಹಾಳೆಯ ಮೇಲೆಲ್ಲ ಮೊಸರನ್ನದಂತೆ ಮೆತ್ತಿತ್ತು. ಅವನು ಉಗುರಿನಿಂದ ಹಾಳೆಯ ಮೂಲೆ ಹಿಡಿದು ಎಳೆದ. ಅದು ಚಪ್ಪರಿಸುವಂಥ ಸದ್ದು ಮಾಡಿ ಬಂತು. ಅಡಿಯಲ್ಲಿ ತಾಮ್ರ ಹೊಸ ಚೊಂಬಿನಂತೆ ಹೊಳೆಯಿತು.

"ಅಕ್ಕ, ಇದನ್ನ ಕೀಳಬೇಕು. ಬಿಸಿ ದಾಟಕ್ಕೆ ಬಿಡಲ್ಲ ಇದು. ಹಾಕೋಕ್ ಮುಂಚೆ ಎಲ್ಲಾರೂ ಕೀಳ್ತಾರೆ. ಇದನ್ನ ಕೀಳಬೇಡಿ ಅಂತ ನಿಮಗೆ ಯಾರು ಹೇಳಿದ್ದು?"

"ನೀನು."

"ನಾನಾ?" ಎಂದ ಮಹೇಂದ್ರ.

"ಯಾವ ಸ್ಟಿಕ್ಕರ್ರೂ ಕೀಳಬೇಡಿ ಅಂದೆ. ಇಲ್ಲೇ, ಈ ಜಾಗದಲ್ಲೇ. ಯಾವ ಸ್ಟಿಕ್ಕರ್ರೂ ಅಂದ್ರೆ ಯಾವುದೂ."

"ಅದು... ಅಕ್ಕ, ಅದು ಮೇಲುಗಡೆದು... ಸೀಲು..."

"ಅವ್ವ ಏಳೋದು ಸರಿಯಾಗೇ ಅದೆಯಲ್ಲಪ್ಪ," ಎಂದ ಮಾರಯ್ಯ. "ಯಾವ್ದೂ ಅಂದ್ಮೇಲೆ ಅದೂ ಸೇರ್ಕತು."

ಕಾಲೇಜು ಹುಡುಗಿ ಮೌಸಿನ ಡಬ್ಬಿಯನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಕೋಮಲಳೂ ನಕ್ಕಳು, ಆದರೆ ಮುಖ ಬಿಸಿಯಾಗಿತ್ತು. ಮಹೇಂದ್ರನ ಬಾಯಿ ಮುಚ್ಚಿಸುವುದು ಸುಲಭ. ಎರಡು ಸಲ ಆ ಹಾಳೆಯ ಮಾತೆತ್ತಿದ ಗಂಡನ ಬಾಯಿ ಮುಚ್ಚಿಸುವುದು ಹೇಗೆ?

ಮಹೇಂದ್ರ ಸ್ಪಿರಿಟ್ಟಿನಲ್ಲಿ ಎಲ್ಲ ಒರೆಸಿದ. ಹೊಸದಾಗಿ ಲೇಪ ಇಟ್ಟು, ಕೂಲರನ್ನು ಮತ್ತೆ ಬಿಗಿದ. ವಿಡಿಯೋ ಓಡಿಸಿದಾಗ ಅಂಕಿ ಐವತ್ತೆಂಟಕ್ಕೆ ಏರಿತು, ಅರವತ್ತನಾಲ್ಕಕ್ಕೆ ಏರಿತು, ಅರವತ್ತೇಳಕ್ಕೆ ನಿಂತಿತು. ಹತ್ತು ನಿಮಿಷ ಕಾದರೂ ಅಲ್ಲೇ. ಫ್ಯಾನಿನ ಸದ್ದು ಕೇಳಬೇಕಾದರೆ ಕಿವಿ ಹಚ್ಚಬೇಕಿತ್ತು.

ಗಂಟೆ ಹನ್ನೊಂದು. ಊರಿಗೆ ಹಿಂದಿರುಗಿದರೆ ದಾರಿಯಲ್ಲೇ ಎರಡು ಗಂಟೆ ವ್ಯರ್ಥ. ಕಳಲೆ ಇಲ್ಲಿಗೆ ಹತ್ತಿರ, ಅಲ್ಲಿ ಪರದೆ ಕಟ್ಟುವವನು ಓಡಿಸಿ ನೋಡಲು ಇವತ್ತು ರಾತ್ರಿಯೇ ಪೆನ್‌ಡ್ರೈವ್ ಬೇಕೆಂದಿದ್ದ. ಕೋಮಲ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಡಿಯ ಒಂದು ಮಾನಿಟರನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನಾನು ಇಲ್ಲೇ ಕೂತು ಮುಗಿಸ್ತೀನಿ. ಸಂಜೆ ತನಕ ಈ ಟೇಬಲ್ ನಂದು."

"ಆಯ್ತಕ್ಕ," ಎಂದ ಮಹೇಂದ್ರ. ತಪ್ಪು ಅರ್ಧ ತನ್ನದೂ ಎಂದು ಅವನಿಗೆ ಅನಿಸಿರಬೇಕು, ತಿಂಡಿಯನ್ನೂ ಅವನೇ ತರಿಸಿದ.

ನಾಗೇಂದ್ರನ ಫೋನು ಬಂತು. "ಸರಿ ಆಯ್ತಾ?"

"ಆಯ್ತು."

"ಏನಾಗಿತ್ತಂತೆ?"

"ಏನೋ ಒಂದ್ ಸಣ್ಣದು. ಕೆಲಸ ಅದೆ, ಆಮೇಲೆ ಹೇಳ್ತೀನಿ."

"ಆ ಹಾಳೆ ತಾನೆ?" ಎಂದ ನಾಗೇಂದ್ರ.

ಕೋಮಲ ಫೋನು ಇಟ್ಟಳು. ಆ ಕಡೆ ಅವನು ಡಿಪೋದ ಎಲ್ಲರಿಗೂ ಕೇಳುವಂತೆ ನಗುತ್ತಿದ್ದ.

ಕೆಲಸ ಓಡಿತು. ಹದಿಮೂರು ವರ್ಷ ಬೇರೆಯವರ ಕತ್ತರಿಗೆ ಬಟ್ಟೆ ಒದಗಿಸಿದ್ದವಳ ಕೈಗೆ ಕತ್ತರಿಯೇ ಸಿಕ್ಕಿತ್ತು. ಅರಿಶಿನದ ನೀರು, ಧಾರೆ, ಅಕ್ಷತೆ, ಊಟದ ಸಾಲು. ಅಂಗಡಿಗೆ ಬಂದವರೆಲ್ಲ ಹಿಂದೆ ನಿಂತು ನೋಡಿದರು. ಪಹಣಿ ಸಿಕ್ಕಿದ ಮೇಲೂ ಮಾರಯ್ಯ ಹೋಗಲಿಲ್ಲ.

"ಅವ್ವಾ, ಆ ಅಸ್ರು ಸೀರೆಯೋಳು ನನ್ ತಂಗಿ ನಾದಿನಿ. ಒಸಿ ಇನ್ನೊಂದ್ ಚೂರು ಬುಡು. ಎಂದೂ ನಕ್ಕವಳಲ್ಲ, ಅಪರೂಪಕ್ಕೆ ನಗ್ತಾ ಅವ್ಳೆ."

ಕೋಮಲ ಎರಡು ಸೆಕೆಂಡು ಬಿಟ್ಟಳು.

ಆದರೆ ಎಷ್ಟು ಬೇಗ ಮಾಡಿದರೂ ಹೋದ ದಿನ ಹೋಗಿತ್ತು. ಹನ್ನೆರಡು ನಿಮಿಷ ಆಗುವ ಮಾತಿರಲಿಲ್ಲ. ಅಂಗಡಿ ಬಾಗಿಲು ಹಾಕುವಷ್ಟರಲ್ಲಿ ಎಂಟು ನಿಮಿಷ ಮುಗಿಸಬಹುದು. ಯಾವ ನಾಲ್ಕು ನಿಮಿಷ ಬಿಡುವುದು? ಆರತಕ್ಷತೆಯ ಸಾಲು ಬಿಟ್ಟಳು. ವರನ ಗೆಳೆಯರ ಕುಣಿತ ಬಿಟ್ಟಳು. ಆಮೇಲೆ ಸೋದರಮಾವ ಹೆಣ್ಣನ್ನು ಹೊತ್ತು ಮಂಟಪಕ್ಕೆ ತರುವ ಭಾಗ ಬಂತು. ಮಹದೇವಣ್ಣನ ಬಾಮೈದ ಶಿವು ಭಾನುಪ್ರಿಯಾಳನ್ನು ಹೊತ್ತಿದ್ದ. ಶಿವುವಿನದು ಕೂತು ತಿನ್ನುವ ಮೈ. ಹತ್ತು ಹೆಜ್ಜೆಗೆ ಒಮ್ಮೆ ಇಳಿಸಿ ಏದುಸಿರು ಬಿಟ್ಟಿದ್ದ. ಮತ್ತೆ ಹೊತ್ತು, ಮತ್ತೆ ಇಳಿಸಿದ್ದ. ಕೊನೆಗೆ ಹುಡುಗಿಯೇ ಅವನ ಕೈ ಹಿಡಿದು ಮಂಟಪ ಹತ್ತಿಸಿದ್ದಳು. ಎರಡೂ ಕ್ಯಾಮೆರಾದಿಂದ ಹೆಕ್ಕಿ, ಇಳಿಸಿದ್ದನ್ನೆಲ್ಲ ಮರೆಮಾಚಿ, ಒಂದೇ ದಮ್ಮಿಗೆ ಹೊತ್ತು ತಂದಂತೆ ಜೋಡಿಸಬಹುದಿತ್ತು. ಅದಕ್ಕೆ ಎರಡು ಗಂಟೆ ಬೇಕು. ಇದ್ದದ್ದನ್ನು ಇದ್ದ ಹಾಗೆ ಹಾಕಿದರೆ ನೂರಾರು ಬೀಗರ ಮುಂದೆ ಆತನ ಮಾನ ಹೋಗುತ್ತದೆ. ಕೋಮಲ ಗಡಿಯಾರ ನೋಡಿದಳು. ಇಡೀ ಭಾಗ ಬಿಟ್ಟಳು.

ಸಂಜೆ ಏಳಕ್ಕೆ ಸಿನಿಮಾ ಪೆನ್‌ಡ್ರೈವಿಗೆ ಇಳಿಯಿತು.

ಬುಧವಾರ ಕಳಲೆಯ ಪೆಂಡಾಲಿನಲ್ಲಿ ಎಲೆ ಹಾಕಿಯಾಗಿತ್ತು. ಮುದ್ದೆಯ ಹಬೆ, ಮಸಾಲೆಯ ಘಮ. ಪರದೆ ಬೆಳಗಿತು. ಮೊದಲು ಗಲಾಟೆ, ಆಮೇಲೆ ಬರೀ ಹೆಸರು ಕೂಗುವುದು: "ಅಗೋ ಅಜ್ಜಿ! ಅಗೋ ನಾನು!" ಧಾರೆಯ ಹೊತ್ತಿಗೆ ಭಾನುಪ್ರಿಯಾಳ ತಾಯಿ ವನಜಾಕ್ಷಿ ಬಡಿಸುವ ಸೌಟು ಹಿಡಿದೇ ಅತ್ತಳು. ಬೀಗರ ಕಡೆಯ ಹಿರಿಯರು ಎಡಗೈಯಿಂದ ತೊಡೆ ತಟ್ಟಿದರು. ಕೊನೆಯಲ್ಲಿ ಪರದೆಯ ತುಂಬ ಒಂದೇ ಹೆಸರು ಬಂತು: ಕೋಮಲ ಡಿಜಿಟಲ್ಸ್, ತಿ. ನರಸೀಪುರ.

ಮಹದೇವಣ್ಣ ಓಡಿಬಂದ. "ಗೆದ್ಬುಟ್ಟೆ ಕಣವ್ವಾ! ನನ್ ಮಗನ ಮದ್ವೆ ನಿಂದೆ. ತಮ್ಮನ ಮಗಳ್ದೂ ನಿಂದೆ. ಬಾ, ಊಟ ಮಾಡು."

ಅವನ ಹಿಂದೆ ಶಿವು ನಿಂತಿದ್ದ. ಹೊಸ ರೇಷ್ಮೆ ಪಂಚೆ, ಹೆಗಲ ಮೇಲೆ ಜರಿಯ ವಲ್ಲಿ. ಇಡೀ ಸಿನಿಮಾವನ್ನು ಅವನು ನಿಂತೇ ನೋಡಿದ್ದ.

"ನಾನೆಲ್ಲವ್ವಾ?" ಎಂದ.

"ಮಾವ, ಟೈಮ್ ಸಾಲಲಿಲ್ಲ. ನಿಮ್ಮದು ಬೇರೆ ಮಾಡಿ ತಂದುಕೊಡ್ತೀನಿ, ಇನ್ನೊಂದು ವಾರದಲ್ಲಿ."

"ಇನ್ನೊಂದ್ ವಾರಕ್ಕೆ ಇಷ್ಟ್ ಜನ ಬತ್ತಾರಾ? ಸೋದರಮಾವ ಇಲ್ದೆ ಎಣ್ಣು ಮಂಟಪಕ್ಕೆ ಬಂದ್ಬುಡ್ತಾ? ಮುದ್ದೆ ತಿನ್ನೋದ ತೋರ್ಸಿದ್ದೀಯೆ. ಆ ಮಾರಯ್ಯನ ಕಡೆಯೋಳು ಅಲ್ ಕಿರಿಯೋದ ತೋರ್ಸಿದ್ದೀಯೆ."

"ಶಿವು, ಬುಡ್ಲಾ," ಎಂದ ಮಹದೇವಣ್ಣ.

"ನೀ ಬುಡು ಬಾವ. ಎಂಬತ್ತು ಕೆಜಿ ಒತ್ತಿರೋನು ನಾನು."

"ಅಯ್ಯೋ ಮಾವ! ನಾನು ಐವತ್ನಾಲ್ಕು ಕಣಾ!" ಎಂದಳು ಹಿಂದಿನಿಂದ ಭಾನುಪ್ರಿಯಾ. ಎಲ್ಲರೂ ನಕ್ಕರು. ಶಿವು ನಗಲಿಲ್ಲ.

ನಿಮ್ಮ ಮಾನ ಉಳಿಸಲೆಂದೇ ಬಿಟ್ಟೆ ಎಂದು ಕೋಮಲ ಹೇಳಬಹುದಿತ್ತು. ಅಷ್ಟು ಜನರ ಮುಂದೆ ಹೇಳಿದರೆ ಉಳಿಸಿದ ಮಾನ ಅಲ್ಲೇ ಹೋಗುತ್ತಿತ್ತು. "ತಪ್ಪಾಯ್ತು ಮಾವ," ಎಂದಳು. ಶಿವು ವಲ್ಲಿ ಕೊಡವಿಕೊಂಡು ಕೈ ತೊಳೆಯಲು ಹೋದ.

ಆ ಬೇಸಿಗೆಯಲ್ಲಿ ಮಹದೇವಣ್ಣನ ಮಗನ ಮದುವೆ, ಅವನ ತಮ್ಮನ ಮಗಳ ಮದುವೆ ಎರಡೂ ಕೋಮಲಳ ಕೈಗೆ ಬಂದವು, ಅವಳ ಹೆಸರಿನಲ್ಲೇ ಪರದೆಗೆ ಹೋದವು. ಶಿವುವಿನ ಮಗಳ ಮದುವೆ ಮೈಸೂರಿನವರ ಪಾಲಾಯಿತು.